ಚಹದಲ್ಲಿಯ ಕೆಫೀನ್: ಒಂದು ವಿವೇಚನೆ

ನಮ್ಮ ಭಾಗದಲ್ಲಿ ಅತಿಥಿ ಸತ್ಕಾರವೆಂದರೆ ಮೊದಲು ನೀರು, ಅನಂತರ ಚಹ ಎಂಬುದು ರೂಢಿಯಾಗಿಬಿಟ್ಟಿದೆ. ಬಮ್ಮಿಗಟ್ಟಿಯಂತಹ ಹಳ್ಳಿಯಲ್ಲಿಯೂ ಬೆಳಗು ಹರಿಯುವ ಮುನ್ನವೇ ಒಲೆಯ ಮೇಲೆ ಚಹದ ಪಾತ್ರೆ ಏರಿರುತ್ತದೆ. ಹೊಲಗದ್ದೆಗಳಿಗೆ ಹೋದ ಆಳುಮಕ್ಕಳಿಗೆ ಹತ್ತು ಗಂಟೆಯ ಸುಮಾರಿಗೆ ಚಹ ಹೋಗದಿದ್ದರೆ ಕೆಲಸದ ಕೈ ನಿಧಾನವಾಗುತ್ತದೆ. ಸಭೆಯಿರಲಿ, ಮದುವೆಯ ಮಾತುಕತೆಯಿರಲಿ, ದುಃಖದ ಮನೆಯಿರಲಿ, ಕಪ್ಪು-ಬಸಿಯ ಸಪ್ಪಳವಿಲ್ಲದೆ ಯಾವುದೂ ಮುಗಿಯುವುದಿಲ್ಲ. ಹೀಗಿದ್ದರೂ ಈ ಪೇಯದ ವಿಷಯವಾಗಿ ನಮ್ಮಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳು ಪ್ರಚಲಿತವಾಗಿವೆ. ಚಹದಲ್ಲಿ ಕೆಫೀನ್ ಎಂಬ ವಿಷವಿದೆ, ಅದನ್ನು ಮುಟ್ಟಲೇಬಾರದು ಎಂದು ಕೆಲವರು ಹೇಳಿದರೆ, ಕೆಫೀನ್ ಇರುವುದು ಕಾಫಿಯಲ್ಲಿ, ಚಹಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಮತ್ತೆ ಕೆಲವರು ತಮ್ಮ ಮೂರು ವರ್ಷದ ಮಗುವಿಗೂ ಬಸಿಯಲ್ಲಿ ಚಹ ಸುರುವಿ ಕೊಡುತ್ತಾರೆ. ಈ ಎರಡೂ ಮಾತುಗಳು ಅಳತೆಯನ್ನು ಬಿಟ್ಟು ಆಡಿದ ಮಾತುಗಳು. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಹೆಸರಿಗಿಂತ ಅಳತೆಗೆ ಹೆಚ್ಚಿನ ಗಮನ ಕೊಡಲಾಗಿದೆ.

ಕೆಫೀನ್ ಎಂಬುದು ಸಸ್ಯಗಳು ತಮ್ಮ ರಕ್ಷಣೆಗಾಗಿ ಸಿದ್ಧಪಡಿಸಿಕೊಳ್ಳುವ ಕಹಿ ಪದಾರ್ಥ. ಎಲೆಯನ್ನು ಮೇಯಲು ಬರುವ ಕೀಟಗಳಿಗೆ ಅದು ಸಹಿಸದು. ಚಹದ ಗಿಡದಲ್ಲಿ ಎಳೆಯ ಚಿಗುರಿಗೆ ಕೀಟಬಾಧೆ ಹೆಚ್ಚು. ಅದಕ್ಕೆ ತಕ್ಕಂತೆ ಬಲಿತ ಎಲೆಗಿಂತ ಚಿಗುರಿನಲ್ಲಿಯೇ ಕೆಫೀನ್ ಹೆಚ್ಚಾಗಿರುತ್ತದೆ. ನಾವು ಬೆಲೆ ಕೊಟ್ಟು ಕೊಳ್ಳುವುದೂ ಆ ಚಿಗುರನ್ನೇ. ಇದನ್ನು ಮೊಟ್ಟಮೊದಲು ಶುದ್ಧರೂಪದಲ್ಲಿ ಬೇರ್ಪಡಿಸಿದವನು ಜರ್ಮನಿಯ ರಸಾಯನಜ್ಞ ರುಂಗೆ, ವರ್ಷ 1819. ಆ ತರುಣನ ಪ್ರಯೋಗವೊಂದನ್ನು ನೋಡಿ ಮೆಚ್ಚಿದ ಮಹಾಕವಿ ಗಯಟೆ ಅವನ ಕೈಗೆ ಕಾಫಿ ಬೀಜಗಳ ಪುಟ್ಟ ಪೆಟ್ಟಿಗೆಯನ್ನಿತ್ತು, ಇವುಗಳನ್ನು ಪರೀಕ್ಷಿಸಿ ನೋಡೆಂದು ಪ್ರೇರೇಪಿಸಿದನಂತೆ. ಕವಿಯೊಬ್ಬನು ರಸಾಯನಶಾಸ್ತ್ರಕ್ಕೆ ಸಲ್ಲಿಸಿದ ಸೇವೆಯೆಂದು ಇದನ್ನು ನಮ್ಮ ಭಾಷಾ ಶಿಕ್ಷಕರು ಅಭಿಮಾನದಿಂದ ಹೇಳಿಕೊಳ್ಳಬಹುದು. 1827ರಲ್ಲಿ ಚಹದಲ್ಲಿಯೂ ಇಂತಹದೇ ಪದಾರ್ಥ ದೊರೆತಾಗ ಅದು ಬೇರೆಯೆಂದು ಭಾವಿಸಿ 'ಥೀನ್' ಎಂದು ಹೆಸರಿಟ್ಟರು. ಹನ್ನೊಂದು ವರ್ಷಗಳ ತರುವಾಯ, 1838ರಲ್ಲಿ, ಎರಡೂ ಒಂದೇ ಎಂಬುದು ಸಿದ್ಧವಾಯಿತು. ಎಂಟು ಇಂಗಾಲ, ಹತ್ತು ಜಲಜನಕ, ನಾಲ್ಕು ಸಾರಜನಕ, ಎರಡು ಆಮ್ಲಜನಕ ಪರಮಾಣುಗಳ ಈ ಕಣವನ್ನು 1895ರಲ್ಲಿ ಎಮಿಲ್ ಫಿಷರ್ ಪ್ರಯೋಗಶಾಲೆಯಲ್ಲಿಯೇ ನಿರ್ಮಿಸಿ ತೋರಿಸಿದನು. ಚಹದಲ್ಲಿಯ ಕೆಫೀನ್ ಸೌಮ್ಯ, ಕಾಫಿಯದು ಉಗ್ರ ಎಂಬ ಭೇದಕ್ಕೆ ಅಂದಿನಿಂದಲೂ ಆಧಾರವಿಲ್ಲ. ಇರುವ ಭೇದವೆಲ್ಲ ಪ್ರಮಾಣದ್ದು.

ಪ್ರಮಾಣದ ಲೆಕ್ಕಕ್ಕೆ ತೊಡಗಿದೊಡನೆ ಒಂದು ಸೋಜಿಗ ಎದುರಾಗುತ್ತದೆ. ಒಣಗಿದ ಚಹದ ಎಲೆಯಲ್ಲಿ ತೂಕದ ನೂರಕ್ಕೆ 2ರಿಂದ 4 ಭಾಗದವರೆಗೆ ಕೆಫೀನ್ ಇರುತ್ತದೆ. ಕಾಫಿಯ ಬೀಜಗಳಲ್ಲಿ ಅರೇಬಿಕಾ ಜಾತಿಯಲ್ಲಿ ನೂರಕ್ಕೆ ಸುಮಾರು 1.2 ಭಾಗ, ರೊಬಸ್ಟಾ ಜಾತಿಯಲ್ಲಿ ಸುಮಾರು 2.2 ಭಾಗ. ಅಂದರೆ ತೂಕಕ್ಕೆ ತೂಕ ಹೋಲಿಸಿದರೆ ಚಹದ ಎಲೆಯೇ ಮುಂದು. ಹಾಗಾದರೆ ಕಾಫಿ ಹೆಚ್ಚು ಉತ್ತೇಜಕವೆಂಬ ಅನುಭವ ಸುಳ್ಳೇ? ಸುಳ್ಳಲ್ಲ. ಒಂದು ಕಪ್ಪು ಚಹಕ್ಕೆ ನಾವು ಹಾಕುವ ಪುಡಿ ಹೆಚ್ಚೆಂದರೆ 2 ಗ್ರಾಮ್. ನೂರಕ್ಕೆ 3ರಂತೆ ಹಿಡಿದರೆ 60 ಮಿಲಿಗ್ರಾಮ್ ಕೆಫೀನ್. ಒಂದು ಕಪ್ಪು ಫಿಲ್ಟರ್ ಕಾಫಿಗೆ 8ರಿಂದ 10 ಗ್ರಾಮ್ ಪುಡಿ ಬೇಕು. ಅರೇಬಿಕಾ ಆದರೂ ನೂರರ ಆಸುಪಾಸಿನ ಮಿಲಿಗ್ರಾಮ್ ಆಯಿತು. ಎಲೆಯಲ್ಲಿ ಗೆದ್ದ ಚಹ ಕಪ್ಪಿನಲ್ಲಿ ಸೋಲುವುದು ಹೀಗೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರವಾಗಿ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ ಕೊಟ್ಟ ಅಂಕಿಗಳೂ ಇದಕ್ಕೆ ಹೊಂದುತ್ತವೆ. 150 ಮಿಲಿಲೀಟರಿನ ಒಂದು ಕಪ್ಪು ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಮ್, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹದ ಒಂದು ಪಾಲಿನಲ್ಲಿ 30ರಿಂದ 65 ಮಿಲಿಗ್ರಾಮ್ ಕೆಫೀನ್ ಇರುವುದೆಂದೂ, ದಿನಕ್ಕೆ 300 ಮಿಲಿಗ್ರಾಮನ್ನು ಮೀರಬಾರದೆಂದೂ ಅದು ತಿಳಿಸುತ್ತದೆ. ನಮ್ಮ ಅಂಗಡಿಗಳ ಸಣ್ಣ ಗ್ಲಾಸು 100 ಮಿಲಿಲೀಟರನ್ನೂ ಮುಟ್ಟುವುದಿಲ್ಲವಾದ್ದರಿಂದ ಅಲ್ಲಿಯ ಒಂದು ಚಹಕ್ಕೆ ಇದಕ್ಕೂ ಕಡಿಮೆ ಲೆಕ್ಕ ಹಿಡಿಯಬೇಕು. ದಿನಕ್ಕೆ ಮೂರು ನಾಲ್ಕು ಸಲ ಚಹ ಕುಡಿಯುವ ಆರೋಗ್ಯವಂತ ರೈತನು ಈ ಮಿತಿಯ ಒಳಗೇ ಇದ್ದಾನೆಂದು ಧೈರ್ಯವಾಗಿ ಹೇಳಬಹುದು.

ತಮ್ಮ ಮನೆಯ ಲೆಕ್ಕವನ್ನು ತಾವೇ ತಿಳಿಯಬಯಸುವವರಿಗೆ ಒಂದು ಸುಲಭ ಮಾರ್ಗವಿದೆ. ಎಂಟನೆಯ ಇಯತ್ತೆಯ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು. 250 ಗ್ರಾಮಿನ, ಅಂದರೆ ಪಾವ ಕಿಲೋ ಚಹಪುಡಿಯ ಪೊಟ್ಟಣ ಒಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದು ತೀರಿದ ದಿನವನ್ನೂ ಗುರುತಿಸಬೇಕು. ಐದು ಜನರ ಮನೆಯಲ್ಲಿ ಅದು ಹನ್ನೆರಡು ದಿನ ಬಂದಿತೆಂದಿಟ್ಟುಕೊಳ್ಳೋಣ. ಪೊಟ್ಟಣದಲ್ಲಿದ್ದ ಕೆಫೀನ್ ನೂರಕ್ಕೆ 3ರಂತೆ ಏಳೂವರೆ ಗ್ರಾಮ್, ಅಂದರೆ 7500 ಮಿಲಿಗ್ರಾಮ್. ಹನ್ನೆರಡು ದಿನ, ಐದು ಜನ, ಒಟ್ಟು ಅರವತ್ತು ಪಾಲು. ಒಬ್ಬರಿಗೆ ದಿನಕ್ಕೆ 125 ಮಿಲಿಗ್ರಾಮ್. ಗಸಟಿನಲ್ಲಿ ಸ್ವಲ್ಪ ಉಳಿದೇ ಉಳಿಯುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ತುಸು ಕಡಿಮೆ. ಇದು ಸರಾಸರಿಯ ಮಾತು. ಮನೆಯೊಳಗೆ ಯಾರ ಪಾಲು ಎಷ್ಟು, ವಿಶೇಷವಾಗಿ ಸಣ್ಣವರ ಪಾಲು ಎಷ್ಟು ಎಂಬುದನ್ನು ಮನೆಯವರೇ ವಿಚಾರಿಸಿಕೊಳ್ಳಬೇಕು.

ಖಡಕ್ ಚಹದ ವಿಷಯದಲ್ಲಿ ಬಹುಜನರ ಕಣ್ಣು ಮೋಸಹೋಗುತ್ತದೆ. ಬಣ್ಣ ಎಷ್ಟು ಗಾಢವೋ ಅಷ್ಟು ಶಕ್ತಿ ಎಂಬುದು ಅವರ ನಂಬಿಕೆ. ಆದರೆ ಕೆಫೀನಿಗೆ ಬಣ್ಣವೇ ಇಲ್ಲ; ಅದು ಬಿಳಿಯ ಪುಡಿ, ನೀರಿನಲ್ಲಿ ಕರಗಿದರೆ ಕಾಣುವುದಿಲ್ಲ. ಚಹದ ಕೆಂಪು, ಕಂದು ಬಣ್ಣಗಳು ಎಲೆಯನ್ನು ಹುದುಗಿಸುವಾಗ ಅದರ ಒಗರು ಪದಾರ್ಥಗಳಿಂದ ಹುಟ್ಟುತ್ತವೆ. ಕುದಿಯುವ ನೀರಿಗೆ ಪುಡಿ ಬಿದ್ದ ಮೊದಲ ಕೆಲವು ನಿಮಿಷಗಳಲ್ಲಿಯೇ ಕೆಫೀನಿನ ಹೆಚ್ಚಿನ ಭಾಗ ಹೊರಬಂದುಬಿಡುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಹೆಚ್ಚುವುದು ಮುಖ್ಯವಾಗಿ ಒಗರು ಮತ್ತು ಬಣ್ಣ. ಒಮ್ಮೆ ಕುದಿಸಿದ ಗಸಟನ್ನೇ ಮತ್ತೆ ಕುದಿಸಿ ಮಾಡಿದ ಚಹ ನೋಡಲು ಖಡಕ್ಕಾಗಿದ್ದರೂ ಕೆಫೀನಿನಲ್ಲಿ ಬಡವ. ಹಾಲು ಹಾಕಿದರೆ ಕೆಫೀನ್ ನಾಶವಾಗುವುದೆಂಬುದೂ ನಿಜವಲ್ಲ. ಅದೇ ಪಾತ್ರೆಯಲ್ಲಿ ನೀರಿನ ಬದಲು ಹಾಲು ಕುಳಿತಿತು, ಅಷ್ಟೆ. ಬೆಲ್ಲ, ಸಕ್ಕರೆ, ಶುಂಠಿ, ಏಲಕ್ಕಿಗಳಿಂದಲೂ ಕೆಫೀನಿನ ಪ್ರಮಾಣ ಬದಲಾಗದು. ಇನ್ನು ಹಸಿರು ಚಹವೆಂದು ಪಟ್ಟಣಗಳಲ್ಲಿ ಕುಡಿಯುವುದೂ ಇದೇ ಗಿಡದ ಎಲೆ. ಹುದುಗಿಸದೆ ಒಣಗಿಸಿದ್ದಷ್ಟೇ ವ್ಯತ್ಯಾಸ. ಅದರಲ್ಲಿಯೂ ಕೆಫೀನ್ ಉಂಟು.

ಈ ಗಿಡದ ಎಲೆ ನಮ್ಮಲ್ಲಿಗೆ ಬಂದ ಬಗೆಯನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಕಾಫಿ ನಮ್ಮ ನಾಡಿನ ಬೆಳೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಇಂದಿಗೂ ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದೇ. ಚಹವಾದರೋ ಸಕಲೇಶಪುರದ ಕಡಮನೆಯಂತಹ ಕೆಲವೇ ತೋಟಗಳಲ್ಲಿ ಬೆಳೆಯುತ್ತದೆ. ಆದರೂ ಧಾರವಾಡ ಜಿಲ್ಲೆಯವರು ಚಹದ ಪಕ್ಷ, ಹಳೆಯ ಮೈಸೂರಿನವರು ಕಾಫಿಯ ಪಕ್ಷ. 1956ರವರೆಗೆ ನಾವು ಮುಂಬಯಿ ಆಡಳಿತಕ್ಕೆ ಸೇರಿದ್ದು, ನಮ್ಮ ವ್ಯಾಪಾರ, ನೌಕರಿ, ಊಟ-ತಿಂಡಿಗಳ ಸಂಪರ್ಕವೆಲ್ಲ ಆ ದಿಕ್ಕಿನಲ್ಲಿದ್ದುದು ಇದಕ್ಕೆ ಮುಖ್ಯ ಕಾರಣವಿರಬೇಕು. 1930ರ ದಶಕದಲ್ಲಿ ಚಹದ ಕಂಪನಿಗಳ ಪರವಾಗಿ ದೇಶದ ಊರೂರುಗಳಲ್ಲಿ ಪುಕ್ಕಟೆ ಚಹ ಹಂಚಿ ರುಚಿ ಹತ್ತಿಸಿದರೆಂಬುದೂ ಇತಿಹಾಸ. ಅದೇ ದಶಕದಲ್ಲಿ ಆಸಾಮಿನಲ್ಲಿ ಎಲೆಯನ್ನು ಅರೆದು ಹರಳಿನಂತೆ ಮಾಡುವ ಯಂತ್ರ ಬಂದಿತು. ಆ ಹರಳುಪುಡಿ ಸ್ವಲ್ಪದರಲ್ಲಿಯೇ ಬಹಳ ಬಣ್ಣ ಬಿಡುವುದರಿಂದ ಬಡವರ ಮನೆಗೂ ಚಹ ಎಟಕುವಂತಾಯಿತು. ಕಾಫಿಯ ಪಕ್ಷದವರಿಗೆ ಒಂದು ಮಾತು: ಪೇಟೆಯ ಕಾಫಿಪುಡಿಯಲ್ಲಿ ಚಿಕೋರಿ ಬೆರೆಸಲು ಅನುಮತಿಯಿದ್ದು, ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆಯಾಗಬಾರದೆಂಬುದು ನಿಯಮ. ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ. ಅರ್ಧದಷ್ಟು ಚಿಕೋರಿ ಬೆರೆತ ಕಾಫಿ ಕೆಫೀನಿನ ದೃಷ್ಟಿಯಿಂದ ನಮ್ಮ ಚಹದ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಉಳಿದ ತಿನಿಸು ಪಾನೀಯಗಳಲ್ಲಿ ಕೋಲಾ ಜಾತಿಯ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಮಿಲಿಗ್ರಾಮ್ ಕೆಫೀನ್ ಇದೆ; ನಿಂಬೆ, ಕಿತ್ತಳೆ ರುಚಿಯವುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಕೋಕೋ ಬೀಜದಲ್ಲಿ ಕೆಫೀನಿಗಿಂತ ಅದರ ದಾಯಾದಿಯಾದ ಥಿಯೋಬ್ರೋಮಿನ್ ಹೆಚ್ಚು. ಹಾಲಿನ ಚಾಕೊಲೇಟಿನ 100 ಗ್ರಾಮಿನಲ್ಲಿ ಕೆಫೀನ್ 20 ಮಿಲಿಗ್ರಾಮಿನಷ್ಟಾದರೆ, ಕಹಿಯಾದ ಕಪ್ಪು ಚಾಕೊಲೇಟಿನಲ್ಲಿ 80ರ ವರೆಗೂ ಹೋಗುತ್ತದೆ. ಕೆಲವು ತಲೆನೋವಿನ ಗುಳಿಗೆಗಳಲ್ಲಿ 30ರಿಂದ 50 ಮಿಲಿಗ್ರಾಮ್ ಬೆರೆಸಿರುತ್ತಾರೆ. ನಮ್ಮ ಹಿರಿಯರ ಜೀರಿಗೆ-ಕೊತ್ತಂಬರಿಯ ಕಷಾಯ, ಮಜ್ಜಿಗೆ, ಅಂಬಲಿ, ಪಾನಕ ಇವುಗಳಲ್ಲಿ ಎಳ್ಳಷ್ಟೂ ಇಲ್ಲ. ಎಲೆ-ಅಡಿಕೆ, ತಂಬಾಕುಗಳ ಚಟವನ್ನೂ ಕೆಲವರು ಇದರೊಂದಿಗೆ ಸೇರಿಸಿ ಮಾತನಾಡುವುದುಂಟು. ಅವುಗಳಲ್ಲಿಯ ಪದಾರ್ಥಗಳೇ ಬೇರೆ, ಅವುಗಳ ಕೇಡು ಇದಕ್ಕಿಂತ ಬಹುಪಾಲು ಹೆಚ್ಚು.

ಇನ್ನು ಶರೀರದಲ್ಲಿ ಅದು ಮಾಡುವ ಕೆಲಸ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ಪದಾರ್ಥ ಸಂಗ್ರಹವಾಗುತ್ತ ಹೋಗುತ್ತದೆ. ಅದಕ್ಕಾಗಿಯೇ ಇರುವ ಗ್ರಾಹಕಗಳಲ್ಲಿ ಅದು ಹೋಗಿ ಕುಳಿತಂತೆ ದಣಿವು, ತೂಕಡಿಕೆಗಳು ತೋರುತ್ತವೆ. ಕೆಫೀನಿನ ಆಕಾರ ಅಡಿನೋಸಿನ್ನಿನದನ್ನು ಹೋಲುವುದರಿಂದ ಅದು ಆ ಸ್ಥಾನಗಳನ್ನು ಮೊದಲೇ ಆಕ್ರಮಿಸುತ್ತದೆ. ಬೀಗದಲ್ಲಿ ಸೇರುವುದಾದರೂ ತಿರುಗದ ಕೀಲಿಕೈಯಂತೆ. ಹೀಗಾಗಿ ದಣಿವು ಇದ್ದೂ ಅದರ ಸುದ್ದಿ ಮುಟ್ಟುವುದಿಲ್ಲ. ಚಹ ಕುಡಿದವನಿಗೆ ಹೊಸ ಶಕ್ತಿ ಬಂದಂತೆ ತೋರಿದರೂ, ಸಕ್ಕರೆ ಹಾಲುಗಳ ಪಾಲನ್ನು ಬಿಟ್ಟರೆ, ಅಲ್ಲಿ ಶಕ್ತಿ ಸೇರಿದ್ದಿಲ್ಲ. ದಣಿವಿನ ವಸೂಲಿ ಮುಂದಕ್ಕೆ ಹೋಯಿತು. ದಿನವೂ ಕುಡಿಯುವವರ ಶರೀರ ಇದಕ್ಕೆ ಒಗ್ಗಿಕೊಳ್ಳುವುದರಿಂದ, ಅಕಸ್ಮಾತ್ತಾಗಿ ಬಿಟ್ಟಾಗ ಒಂದು ದಿನದೊಳಗೆ ತಲೆನೋವು ಕಾಣಿಸಿಕೊಳ್ಳುತ್ತದೆ. ಶ್ರಾವಣ ಸೋಮವಾರದ ಉಪವಾಸದಲ್ಲಿ ಚಹವನ್ನೂ ವರ್ಜಿಸಿದವರು ಸಂಜೆಗೆ ಹಣೆಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ನೋಡಿದ್ದೇವೆ. ಉಪವಾಸವೇ ಅದಕ್ಕೆ ಕಾರಣವೆನ್ನುತ್ತೇವೆ. ಅನೇಕ ಸಲ ಕಾರಣ ತಪ್ಪಿದ ಚಹವೇ ಆಗಿರುತ್ತದೆ.

ಶಿಕ್ಷಕ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಅಂಶ ಒಂದಿದೆ. ಕುಡಿದ ಕೆಫೀನಿನ ಅರ್ಧಭಾಗವನ್ನು ಹೊರಹಾಕಲು ಪ್ರಾಯದವರ ಶರೀರಕ್ಕೆ ಸುಮಾರು ಐದು ಗಂಟೆ ಬೇಕು. ಪರೀಕ್ಷೆಯ ದಿನಗಳಲ್ಲಿ ಪ್ರಸಾದ ನಿಲಯದ ಹುಡುಗನೊಬ್ಬ ರಾತ್ರಿ ಹತ್ತಕ್ಕೆ ಎರಡು ಕಪ್ಪು ಚಹ ಕುಡಿದು ಓದಲು ಕುಳಿತನೆಂದಿಟ್ಟುಕೊಳ್ಳಿ. 100 ಮಿಲಿಗ್ರಾಮ್ ಒಳಗೆ ಹೋಯಿತು. ಹನ್ನೆರಡೂವರೆಗೆ ಪುಸ್ತಕ ಮುಚ್ಚಿ ಮಲಗಿದರೂ, ಬೆಳಗಿನ ಮೂರು ಗಂಟೆಗೆ 50 ಮಿಲಿಗ್ರಾಮ್ ಅವನ ರಕ್ತದಲ್ಲಿ ಸುತ್ತುತ್ತಿರುತ್ತದೆ; ನಡುರಾತ್ರಿಯಲ್ಲಿ ಎಬ್ಬಿಸಿ ಒಂದು ಕಪ್ಪು ಚಹ ಕೊಟ್ಟಂತೆಯೇ ಆಯಿತು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೂ 20-25 ಮಿಲಿಗ್ರಾಮ್ ಉಳಿದಿರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಮಿನಷ್ಟು ಹೆಚ್ಚಿನ ಪ್ರಮಾಣ ಸೇವಿಸಿದವರ ನಿದ್ರೆ ಒಂದು ಗಂಟೆಗೂ ಮಿಕ್ಕಿ ಕಡಿಮೆಯಾಯಿತೆಂದು 2013ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಪರೀಕ್ಷಣೆಯೊಂದು ತೋರಿಸಿದೆ. ನಮ್ಮ ಹುಡುಗನ ಪ್ರಮಾಣ ಅದರ ಕಾಲು ಭಾಗವಾದರೂ ಅವನು ಕುಡಿದದ್ದು ಮಲಗುವುದಕ್ಕೆ ಕೇವಲ ಎರಡೂವರೆ ಗಂಟೆ ಮೊದಲು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ನೆಲೆಸುವುದು ನಿದ್ರೆಯಲ್ಲಿ. ರಾತ್ರಿಯ ಚಹದಿಂದ ಗಳಿಸಿದ ಎರಡು ತಾಸಿನ ಓದನ್ನು ಅದೇ ಚಹ ನಿದ್ರೆಯ ಮೂಲಕ ಕಸಿದುಕೊಳ್ಳುವುದಾದರೆ ಲಾಭವೆಲ್ಲಿ ಬಂತು? ಸಂಜೆ ಐದರ ತರುವಾಯ ವಿದ್ಯಾರ್ಥಿಗಳಿಗೆ ಚಹದ ಬದಲು ಬಿಸಿ ಕಷಾಯವನ್ನೋ ಹಾಲನ್ನೋ ಕೊಡುವ ಏರ್ಪಾಡು ಕಷ್ಟದ್ದಲ್ಲ, ಖರ್ಚಿನದೂ ಅಲ್ಲ. ಬೆಳಗಿನ ಚಹಕ್ಕೆ ನನ್ನ ಆಕ್ಷೇಪವಿಲ್ಲ.

ಕೆಫೀನಿನ ಮೇಲೆ ಹೊರಿಸುವ ದೂರುಗಳಲ್ಲಿ ಕೆಲವು ವಸ್ತುತಃ ಅದರವಲ್ಲ. ಚಹದ ಒಗರಿಗೆ ಕಾರಣವಾದ ಟ್ಯಾನಿನ್ ವರ್ಗದ ಪದಾರ್ಥಗಳು ರೊಟ್ಟಿ, ಕಾಳು, ಸೊಪ್ಪುಗಳಲ್ಲಿಯ ಕಬ್ಬಿಣದೊಂದಿಗೆ ಬೆರೆತು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಊಟದೊಂದಿಗೆ ಚಹ ಕುಡಿದರೆ ಆ ಊಟದ ಕಬ್ಬಿಣದಲ್ಲಿ ಶರೀರಕ್ಕೆ ಹತ್ತಬೇಕಾದುದರ ಅರ್ಧಕ್ಕಿಂತ ಹೆಚ್ಚು ಭಾಗ ವ್ಯರ್ಥವಾಗಬಹುದು. ಗಾಂಧೀಜಿಯವರು ಚಹವನ್ನು ಟೀಕಿಸುವಾಗ ಟ್ಯಾನಿನ್ನಿನ ಹೆಸರನ್ನೇ ಎತ್ತಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನತೆಯಿಂದ ಬಳಲುವವರು. ಮನೆಯವರಿಗೆಲ್ಲ ಬಡಿಸಿ, ಕಡೆಗೆ ಉಳಿದ ರೊಟ್ಟಿಯನ್ನು ಚಹದಲ್ಲಿ ಅದ್ದಿ ತಿಂದು ಕೆಲಸಕ್ಕೆ ಹೊರಡುವ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಪಲ್ಯ, ಕಾಳುಗಳಿಲ್ಲದ ಆ ಊಟದಲ್ಲಿ ಕಬ್ಬಿಣವೇ ಅಲ್ಪ. ಆ ಅಲ್ಪವನ್ನೂ ಚಹ ತಡೆಯುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಚಹದೊಂದಿಗೆ ನುಂಗಿದರೂ ಇದೇ ಗತಿ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ತರುವಾಯ ಚಹ, ಕಾಫಿ ಬೇಡವೆಂದು ಮೇಲೆ ಹೇಳಿದ ಮಾರ್ಗಸೂಚಿಯೂ ಸೂಚಿಸುತ್ತದೆ. ಚಹ ಬಿಡಬೇಕಾಗಿಲ್ಲ, ಅದರ ವೇಳೆಯನ್ನು ಸರಿಸಬೇಕು.

ಗರ್ಭಿಣಿಯರ ಮಾತು ಬೇರೆ. ಅವರ ಶರೀರದಿಂದ ಕೆಫೀನ್ ಹೊರಹೋಗುವ ವೇಗ ಬಹಳ ಕುಗ್ಗಿ, ಕೊನೆಯ ತಿಂಗಳುಗಳಲ್ಲಿ ಮೂರು ಪಟ್ಟು ಹೊತ್ತು ಬೇಕಾಗುವುದುಂಟು. ಗರ್ಭದ ಶಿಶುವಿಗಂತೂ ಅದನ್ನು ಕರಗಿಸುವ ಶಕ್ತಿಯೇ ಬಂದಿರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು 2015ರಲ್ಲಿ ಪ್ರಾಯದವರಿಗೆ ದಿನಕ್ಕೆ 400 ಮಿಲಿಗ್ರಾಮ್ ಎಂದು ಹೇಳಿ, ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ 200 ಎಂದು ಮಿತಿ ಹಾಕಿತು. ಮಕ್ಕಳಿಗೆ ಅವರ ತೂಕದ ಪ್ರತಿ ಕಿಲೋಗ್ರಾಮಿಗೆ 3 ಮಿಲಿಗ್ರಾಮ್. 12 ಕಿಲೋ ತೂಗುವ ಮಗುವಿಗೆ 36 ಮಿಲಿಗ್ರಾಮಾಯಿತು. ದೊಡ್ಡವರ ಒಂದು ಕಪ್ಪು ಚಹಕ್ಕೇ ಆ ಮಿತಿ ಮುಗಿದುಹೋಗುತ್ತದೆ. ಮೇಲಾಗಿ ಚಹ ಕುಡಿದ ಮಗುವಿಗೆ ಹಸಿವು ಸತ್ತು, ಹಾಲು ಕುಡಿಯುವ ಹೊಟ್ಟೆ ಚಹದಿಂದ ತುಂಬುತ್ತದೆ.

ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳ ಕೆಫೀನಿಗೆ ಚಹವೊಂದೇ ದಾರಿಯಾಗಿ ಉಳಿದಿಲ್ಲ. ಶಕ್ತಿಪಾನೀಯವೆಂಬ ಹೆಸರಿನಲ್ಲಿ ಕೆಂಪು, ನೀಲಿ ಬಣ್ಣದ ಬಾಟಲಿಗಳು ಹಳ್ಳಿಯ ಕಿರಾಣಿ ಅಂಗಡಿಗಳನ್ನೂ ಪ್ರವೇಶಿಸಿವೆ. ಇಪ್ಪತ್ತು ರೂಪಾಯಿಗೂ ದೊರೆಯುತ್ತವೆ. ಕ್ರಿಕೆಟ್ ಆಡಿ ಬೆವರಿದ ಹುಡುಗರು ನೀರಿನಂತೆ ಇವನ್ನು ಗಟಗಟನೆ ಕುಡಿಯುವುದನ್ನು ಯಾರೂ ನೋಡಬಹುದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂತಹ ಪಾನೀಯದ ಪ್ರತಿ ಲೀಟರಿನಲ್ಲಿ 145ಕ್ಕೆ ಕಡಿಮೆಯಿಲ್ಲದಂತೆ, 300 ಮಿಲಿಗ್ರಾಮಿಗೆ ಹೆಚ್ಚದಂತೆ ಕೆಫೀನ್ ಇರಬಹುದು. ಮೇಲಿನ ಮಿತಿಯಲ್ಲಿ ತಯಾರಾದ 250 ಮಿಲಿಲೀಟರಿನ ಒಂದು ಬಾಟಲಿಗೆ 75 ಮಿಲಿಗ್ರಾಮ್. 25 ಕಿಲೋ ತೂಗುವ ನಾಲ್ಕನೆಯ ಇಯತ್ತೆಯ ಬಾಲಕನ ಇಡೀ ದಿನದ ಮಿತಿ ಅಷ್ಟೇ. ಚಹ ಬಿಸಿಯಾಗಿರುತ್ತದೆ, ತುಸು ಕಹಿಯಾಗಿರುತ್ತದೆ. ಆದ್ದರಿಂದ ಮಗು ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ, ಸಾಕೆನಿಸಿ ಬಿಡುವುದೂ ಉಂಟು. ತಣ್ಣಗೆ ಸಿಹಿಯಾದ ಬಾಟಲಿಗೆ ಅಂತಹ ತಡೆಯಿಲ್ಲ. ಚಹದ ಬಸಿಯನ್ನು ಮಗುವಿನ ಕೈಯಿಂದ ಕಸಿದುಕೊಳ್ಳುವ ತಂದೆಯೇ ಜಾತ್ರೆಯಲ್ಲಿ ಈ ಬಾಟಲಿಯನ್ನು ಕೊಡಿಸುವುದು ಅಪರೂಪವಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ತಕ್ಕುದಲ್ಲವೆಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸಬೇಕೆಂದು ಅದೇ ನಿಯಮ ವಿಧಿಸಿದೆ. ಅದು ಮುದ್ರಿತವಾಗಿಯೂ ಇರುತ್ತದೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ. ವಿಜ್ಞಾನದ ಒಂದು ತಾಸಿನಲ್ಲಿ ಬರಿದಾದ ಬಾಟಲಿಯನ್ನು ತರಗತಿಗೆ ತಂದು, ಆ ಸಾಲುಗಳನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಿಸಬಹುದು. ಪಕ್ಕದಲ್ಲಿಯೇ ಪ್ರತಿ ವಿದ್ಯಾರ್ಥಿಯೂ ತನ್ನ ತೂಕವನ್ನು ಮೂರರಿಂದ ಗುಣಿಸಿ ಬರೆಯಲಿ.